ಬಸವಾಪಟ್ಟಣದ ಮಾಲತಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸವಾಪಟ್ಟಣದಲ್ಲಿ ಯಾವ ಹೆಂಗಸನ್ನು ಹುಡುಕಿಕೊಂಡು ಅವಳ ಮನೆಗೆ ಹೋದರೂ ಪ್ರಯೋಜನವಿರಲಿಲ್ಲ. ನೆಟ್ಟಗೆ ಬಟ್ಟೆ ಅಂಗಡಿ ಬಸವರಾಜಪ್ಪನವರ ಮನೆಗೇ ಹೋಗಬೇಕಿತ್ತು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ನಡುವೆ ಕಾಲಿಡಲು ಜಾಗ ಸಿಕ್ಕರೆ ಒಳಗೆ ಇಣುಕಬಹುದಿತ್ತು. ಪಡಸಾಲೆಯ ತುಂಬ ಹೆಂಗಸರು, ಅವರ ಮಡಿಲ ತುಂಬ ಮಕ್ಕಳು, ಎಲ್ಲರ ಎದುರಿಗೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಕುಳಿತ ಟಿ.ವಿ. ಪೆಟ್ಟಿಗೆ. ಇದು ಎಂಬತ್ತಾರನೇ ಇಸವಿಯ ಮಾತು. ಆ ಬೀದಿಗೆ ಅದೊಂದೇ ಟಿ.ವಿ. ಇತ್ತು, ಅದೂ ಕಪ್ಪು ಬಿಳುಪಿನದು.

ಧಾರಾವಾಹಿಗೆ ಹಿಂದಿಯಲ್ಲಿ ಉದ್ದನೆಯ ಹೆಸರೊಂದಿತ್ತು. ಆ ಹೆಸರನ್ನು ಹೇಳಲು ಯಾರ ನಾಲಿಗೆಯೂ ಹೊರಳದೆ, ಅದರ ನಾಯಕಿಯ ಹೆಸರನ್ನೇ ಅದಕ್ಕಿಟ್ಟು ಎಲ್ಲರೂ ‘ಮಾಲತಿ’ ಎನ್ನುತ್ತಿದ್ದರು. ಅಲ್ಲಿ ಕೂತ ಹೆಚ್ಚಿನವರಿಗೆ ಹಿಂದಿ ಬರುತ್ತಿರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಬಸವರಾಜಪ್ಪನವರ ಸೊಸೆ ನಿರ್ಮಲಳಿಗೆ ಬರುತ್ತಿತ್ತು.

ನಿರ್ಮಲ ಜಗಳೂರಿನ ಹುಡುಗಿ. ಅವಳಪ್ಪ ತಿಪ್ಪೇರುದ್ರಸ್ವಾಮಿ ಅಲ್ಲಿನ ಅಂಚೆ ಕಚೇರಿಯಲ್ಲಿದ್ದವರು. ಮಗಳಿಗೆ ಪ್ರಥಮದಿಂದ ಹಿಡಿದು ರತ್ನದವರೆಗೆ ಹಿಂದಿ ಪರೀಕ್ಷೆಗಳನ್ನೆಲ್ಲ ಕಟ್ಟಿಸಿ, ಶಿಕ್ಷಕರ ತರಬೇತಿಯನ್ನೂ ಮಾಡಿಸಿದ್ದರು. ಮುಂದೆ ಅವಳು ಹೈಸ್ಕೂಲಿನಲ್ಲಿ ಹಿಂದಿ ಮೇಡಂ ಆಗುತ್ತಾಳೆಂದು ಅವರ ಆಸೆ. ಅವಳು ಆದದ್ದು ಟಿ.ವಿ. ಪಕ್ಕದ ಸ್ಟೂಲಿನ ಮೇಲೆ ಕೂತು ಮಾಲತಿಯ ಮಾತನ್ನು ಕನ್ನಡದಲ್ಲಿ ಹೇಳುವವಳು. ಪರದೆಗೆ ಅರ್ಧ ಬೆನ್ನು, ಹೆಂಗಸರಿಗೆ ಅರ್ಧ ಮುಖ. ಧಾರಾವಾಹಿಯನ್ನು ನೆಮ್ಮದಿಯಾಗಿ ನೋಡದೆ ಇದ್ದವಳು ಆ ಊರಿಗೆಲ್ಲ ಅವಳೊಬ್ಬಳೇ.

ಅವಳಿಗೆ ಮೊದಲ ಸುಳ್ಳು ಕಲಿಸಿದವರು ಮಾವ. ಅದೂ ಬಣ್ಣದ ಸುಳ್ಳು.

ಮಾಲತಿ ವಾರಕ್ಕೊಂದು ಸೀರೆ ಉಡುತ್ತಿದ್ದಳು. ಪೆಟ್ಟಿಗೆಯಲ್ಲಿ ಎಲ್ಲವೂ ಬೂದಿ ಬಣ್ಣ. ಹೆಂಗಸರಿಗೆ ಅದೇ ದೊಡ್ಡ ಚಿಂತೆಯಾಗಿತ್ತು. ‘ಯಾವ ಬಣ್ಣ ನಿರ್ಮಲಾ, ಹೇಳೇ, ಮಾತಲ್ಲಿ ಏನಾರ ಬಂತಾ?’ ಎಂದು ಕೇಳುತ್ತಿದ್ದರು. ಹಿಂದಿ ಬಂದರೆ ಬಣ್ಣವೂ ಕಾಣುತ್ತದೆ ಎಂಬುದು ಅವರ ನಂಬಿಕೆ. ಒಂದು ಶನಿವಾರ ಬಸವರಾಜಪ್ಪ ಊಟಕ್ಕೆ ಕೂತಾಗ, ತಟ್ಟೆಯ ಕಡೆಯೇ ನೋಡುತ್ತ ಹೇಳಿದರು: ‘ಗಿಳಿಹಸಿರು ಸೀರೆ ಎರಡು ಗಂಟು ಹಂಗೇ ಬಿದ್ದೈತವ್ವ. ನಾಳೆ ಆ ಮಾಲತಿ ಉಟ್ಟಿದ್ದು ಗಿಳಿಹಸಿರು ಅಂದ್ರೆ ಯಾರ ಗಂಟೇನು ಹೋಗ್ತೈತೆ?’ ಯಾರದೂ ಏನೂ ಹೋಗುತ್ತಿರಲಿಲ್ಲ. ಭಾನುವಾರ ನಿರ್ಮಲ ಗಿಳಿಹಸಿರು ಎಂದಳು. ಬುಧವಾರದ ಹೊತ್ತಿಗೆ ಎರಡು ಗಂಟೂ ಖಾಲಿ. ಆಮೇಲೆ ಅದು ಮನೆಯ ಪದ್ಧತಿಯೇ ಆಯಿತು. ಶನಿವಾರ ಮಾವ ಬಣ್ಣ ಹೇಳುವುದು, ಭಾನುವಾರ ಮಾಲತಿ ಉಡುವುದು. ಊರಿನ ಹೆಣ್ಣುಕೂಸುಗಳಿಗೆ ಮಾಲತಿ ಎಂದು ಹೆಸರಿಡತೊಡಗಿದ್ದರು. ತೊಟ್ಟಿಲು ಶಾಸ್ತ್ರಕ್ಕೆ ನಿರ್ಮಲಳನ್ನೇ ಕರೆದು ಮೊದಲು ಹೆಸರು ಕೂಗಿಸುತ್ತಿದ್ದರು. ಅತ್ತೆ ಕಸ್ತೂರಮ್ಮನಿಗೆ ಇದರಿಂದ ಬಂದ ಹೆಮ್ಮೆ ಅಷ್ಟಿಷ್ಟಲ್ಲ.

ಕಸ್ತೂರಮ್ಮ ಕೆಟ್ಟವಳಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ. ಸೊಸೆಗೆ ತಲೆನೋವು ಬಂದರೆ ಹಣೆಗೆ ಶುಂಠಿ ತೇದು ಹಚ್ಚುವವಳು, ಹಬ್ಬಕ್ಕೆ ತನಗಿಂತ ಮೊದಲು ಸೊಸೆಗೆ ಸೀರೆ ತೆಗೆಸುವವಳು. ಅಂಥವರ ಮಾತನ್ನು ಮೀರುವುದು ಬಲು ಕಷ್ಟ. ಹೊಡೆದು ಬೈಯುವ ಅತ್ತೆಯಾಗಿದ್ದರೆ ನಿರ್ಮಲ ಎಂದೋ ಜಗಳೂರಿನ ಬಸ್ಸು ಹತ್ತಿರುತ್ತಿದ್ದಳು.

ಎರಡನೇ ಸುಳ್ಳನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಅದು ಅವಳ ಸ್ವಂತದ್ದು.

ಆ ವಾರ ಮಾಲತಿಗೆ ದೊಡ್ಡ ಊರಿನಲ್ಲಿ ಕೆಲಸ ಸಿಕ್ಕ ಕಾಗದ ಬಂದಿತ್ತು. ಅತ್ತೆ ಬೇಡವೆಂದಳು, ಗಂಡ ಬಾಯಿ ಮುಚ್ಚಿಕೊಂಡ. ಮಾಲತಿ ಪೆಟ್ಟಿಗೆ ತುಂಬಿಕೊಂಡು ಹೊಸ್ತಿಲಲ್ಲಿ ನಿಂತು, ‘ನಾನು ಈ ಮನೆಯ ಸೊಸೆ, ಮನೆಯ ಬೀಗವಲ್ಲ’ ಎಂದಳು. ನಿರ್ಮಲ ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದು ಹೆಂಗಸರ ಕಡೆ ತಿರುಗಿದಳು. ಮುಂದಿನ ಸಾಲಿನಲ್ಲಿ ಕಸ್ತೂರಮ್ಮ ಗಲ್ಲಕ್ಕೆ ಕೈ ಕೊಟ್ಟು, ತನ್ನ ಮಗಳಿಗೇ ಏನೋ ಆಗುತ್ತಿರುವಂತೆ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಎದುರು ಮನೆಯ ಕೆಂಪಕ್ಕ, ಹಿಂದೆ ಬೀದಿಯ ಅತ್ತೆಯರೆಲ್ಲ. ನಿರ್ಮಲ ಹೇಳಿದ್ದು ಬೇರೆ.

‘ಅತ್ತೇರ ಕಣ್ಣೀರಿಗಿಂತ ನೌಕರಿ ದೊಡ್ಡದಲ್ಲ. ಈ ಕಾಗದ ವಾಪಸ್ ಕಳಿಸ್ತೀನಿ. ತವರಿಗೆ ಹೋಗಿ ಅವ್ವನ್ನ ನೋಡ್ಕೊಂಡು ಬರ್ತೀನಿ, ಅಂತಾಳೆ.’

ಪಡಸಾಲೆಯಲ್ಲಿ ಒಬ್ಬೊಬ್ಬರೂ ಮೂಗು ಒರೆಸಿಕೊಂಡರು. ಕಸ್ತೂರಮ್ಮ ಎದ್ದು ಬಂದು ನಿರ್ಮಲಳ ಕೆನ್ನೆ ಸವರಿ ಲಟಿಕೆ ಮುರಿದಳು, ಆ ಮಾತನ್ನು ಸೊಸೆಯೇ ಆಡಿದ್ದಾಳೇನೋ ಎಂಬಂತೆ. ಹಿಂದೆ ಕಂಬಕ್ಕೊರಗಿ ರವಿಕೆಗೆ ಗುಂಡಿಯ ಕಾಜಾ ಹಾಕುತ್ತ ಕೂತಿದ್ದ ದರ್ಜಿ ಹುಸೇನಬಿ ಮಾತ್ರ ಸೂಜಿ ನಿಲ್ಲಿಸಿ, ತಲೆಯೆತ್ತಿ ನಿರ್ಮಲಳನ್ನು ನೋಡಿದಳು. ನೋಡಿ ಮತ್ತೆ ತಲೆ ತಗ್ಗಿಸಿದಳು.

ಅಂದಿನಿಂದ ನಿರ್ಮಲಳ ಪಾಡು ಹೇಳತೀರದು. ಪರದೆಯ ಮೇಲೆ ಮಾಲತಿ ದೊಡ್ಡ ಊರಿನಲ್ಲಿ ಕೆಲಸ ಮಾಡುತ್ತಿದ್ದಾಳೆ, ಇಲ್ಲಿ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು. ಮಾಲತಿ ಆಫೀಸಿನಲ್ಲಿ ಕೂತರೆ, ‘ಮಾವಾರ ಫ್ಯಾಕ್ಟರಿಗೆ ಬುತ್ತಿ ತಂದಾಳೆ’ ಎನ್ನಬೇಕು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಂಡರೆ, ‘ಸೋಮವಾರದ ಒಪ್ಪತ್ತು, ಅದ್ಕೇ ಒಬ್ಬಳೇ ಕುಂತಾಳೆ’ ಎನ್ನಬೇಕು. ಕಥೆ ಮುಗಿದಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುವಳು. ಇಷ್ಟಾದರೂ ಬೀದಿಯವರಿಗೆ ಒಂದೇ ಒಂದು ಅನುಮಾನವೂ ಬರಲಿಲ್ಲ. ನಿಜವಾದ ಮಾಲತಿಗಿಂತ ನಿರ್ಮಲಳ ಮಾಲತಿಯೇ ಅವರಿಗೆ ಹೆಚ್ಚು ಬೇಕಾದವಳು.

ಹಾಗೆ ಬೇಕಾಗಿದ್ದರಿಂದಲೇ ಒಂದು ಅನ್ಯಾಯವೂ ಆಯಿತು. ಕೆಂಪಕ್ಕನ ಸೊಸೆ ಕರಿಬಸಮ್ಮ ಇನ್ನೂ ಇಪ್ಪತ್ತು ತುಂಬದ ಹುಡುಗಿ. ವಾರಕ್ಕೆ ಮೂರು ದಿನ ಚನ್ನಗಿರಿಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿಯುತ್ತಿದ್ದಳು. ಮಾಲತಿ ಕಾಗದ ವಾಪಸ್ ಕಳಿಸಿದ ಮರುದಿನ ಕೆಂಪಕ್ಕ, ‘ಅಂಥಾ ಓದಿದೋಳೇ ಮನೆ ಬಿಟ್ಟು ಹೋಗ್ಲಿಲ್ಲ, ನಿಂದೇನು ಕುಟ್ಟೋದು?’ ಎಂದು ಟೈಪಿಂಗ್ ಬಿಡಿಸಿದಳು. ಸುದ್ದಿ ಕೇಳಿದ ದಿನ ನಿರ್ಮಲಳಿಗೆ ಅನ್ನ ಸೇರಲಿಲ್ಲ. ನಾಚಿಕೆಯಿಂದ ಅವಳು ಕರಿಬಸಮ್ಮನ ಕಣ್ಣು ತಪ್ಪಿಸಿ ಓಡಾಡಿದಳು. ಬಾಯಿ ಬಿಡುವ ಧೈರ್ಯ ಮಾತ್ರ ಬರಲಿಲ್ಲ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ಗುರುವಾರ ಅಂಚೆಯವನು ನಿರ್ಮಲಳ ಹೆಸರಿಗೆ ಕಂದು ಲಕೋಟೆ ತಂದ. ಮದುವೆಗೆ ಮುಂಚೆ ಅಪ್ಪ ಹಾಕಿಸಿದ ಅರ್ಜಿಗೆ ಬಂದ ಉತ್ತರ ಎಲ್ಲೆಲ್ಲೋ ಸುತ್ತಿ, ಜಗಳೂರಿಗೆ ಹೋಗಿ, ಅಲ್ಲಿಂದ ವಿಳಾಸ ತಿದ್ದಿಸಿಕೊಂಡು ಬಂದಿತ್ತು. ನ್ಯಾಮತಿಯ ಹೈಸ್ಕೂಲಿನಲ್ಲಿ ಹಿಂದಿ ಶಿಕ್ಷಕಿಯ ಹುದ್ದೆ. ಮುಂದಿನ ಬುಧವಾರದೊಳಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಬೇರೆಯವರಿಗೆ ಕೊಡಲಾಗುವುದು.

ಅವಳು ಅದನ್ನು ಮೂರು ಸಲ ಓದಿದಳು. ಖುಷಿಗೆ ಒಬ್ಬಳೇ ನಕ್ಕಳು. ನಾಲ್ಕನೇ ಸಲ ಓದುವಾಗ ಮಾಲತಿಯ ಕಾಗದ ನೆನಪಿಗೆ ಬಂದು, ಅದನ್ನು ಮತ್ತೆ ಲಕೋಟೆಯೊಳಗೆ ಸೇರಿಸಿದಳು.

ಗಂಡ ಕಲ್ಲೇಶ ಮಧ್ಯಾಹ್ನ ಊಟಕ್ಕೆ ಬಂದಾಗ ಕಾಗದ ತೋರಿಸಿದಳು. ಅವನು ಓದಿ, ಮಡಿಚಿ, ಮತ್ತೆ ಬಿಚ್ಚಿ ಓದಿದ.

‘ಒಳ್ಳೇದೇ ಐತಲ್ಲ. ಅವ್ವನ್ನ ಒಂದು ಮಾತು ಕೇಳು.’

‘ನೀವು ಕೇಳ್ರೀ.’

‘ನಾನು ಕೇಳಿದ್ರೆ ನಿಂಗೆ ನಾನೇ ಹೇಳ್ಕೊಟ್ಟೆ ಅಂತಾಳೆ. ನೀನೇ ಕೇಳು, ನಿನ್ನ ಕಂಡ್ರೆ ಅವ್ವಂಗೆ ಪ್ರಾಣ.’

ಕಸ್ತೂರಮ್ಮ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಿರ್ಮಲ ಎದುರು ಕೂತು ತಾನೂ ನಾಲ್ಕು ಕಾಯಿ ಬಿಡಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೊನ್ನಾಳಿಗೆ ಹೋಗಿ ಬಸ್ಸು ಬದಲಾಯಿಸಿದರೆ ನ್ಯಾಮತಿ. ಅಲ್ಲಿ ಅಪ್ಪನ ದೊಡ್ಡಮ್ಮನ ಮಗಳು ಕಲ್ಲಮ್ಮ ಇದ್ದಾಳೆ, ಅವಳ ಮನೆಯಲ್ಲೇ ಒಂದು ಕೋಣೆ. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಬಂದುಬಿಡುತ್ತೇನೆ, ಭಾನುವಾರದ ಮಾಲತಿ ತಪ್ಪಿಸುವುದಿಲ್ಲ. ಈ ಕೊನೆಯ ಮಾತನ್ನು ಅವಳು ಮೊದಲೇ ಯೋಚಿಸಿಟ್ಟುಕೊಂಡಿದ್ದಳು. ಬೀದಿಯವರು ಅದನ್ನೇ ಹಿಡಿದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು.

ಕಸ್ತೂರಮ್ಮ ಸಿಟ್ಟಾಗಲಿಲ್ಲ. ಮೊರ ಪಕ್ಕಕ್ಕಿಟ್ಟು ಸೊಸೆಯ ಕೈ ಹಿಡಿದುಕೊಂಡಳು.

‘ನೀನೇ ವಾರ ವಾರ ಹೇಳ್ತೀಯಲ್ಲವ್ವ. ಮಾಲತಿಗೂ ಹಿಂಗೇ ಕಾಗದ ಬಂತು. ಬ್ಯಾಡ ಅಂದ್ಳು. ಅವ್ಳಿಗೇನು ಕಮ್ಮಿ ಆಗೈತೆ? ಮನೆ ತುಂಬ ಓಡಾಡ್ಕೊಂಡು ಎಷ್ಟು ಚೆಂದ ಅದಾಳೆ. ಅವ್ಳಿಗೆ ಬ್ಯಾಡಾಗಿದ್ದು ನಿಂಗ್ಯಾಕೆ ಬೇಕವ್ವ?’

ಅತ್ತೆಗೆ ಆ ಮಾತನ್ನು ಒದಗಿಸಿಕೊಟ್ಟವಳು ನಿರ್ಮಲಳೇ. ಅವಳು ಅವರೆಕಾಯಿಯ ಸಿಪ್ಪೆ ಬಾಚಿಕೊಂಡು ಎದ್ದಳು. ಸಂಜೆಯ ಹೊತ್ತಿಗೆ ಸುದ್ದಿ ಬೀದಿಯಲ್ಲಿತ್ತು. ಬಂದವರೆಲ್ಲ ಅದನ್ನೇ ಅಂದರು. ಮಾಲತಿ ಹಿಂಗೆ ಮಾಡ್ಲಿಲ್ಲ, ಮಾಲತಿ ಹಂಗೆ ಅನ್ಲಿಲ್ಲ, ಮಾಲತೀನ ನೋಡಿ ಕಲಿಬೇಕು. ಬಸವರಾಜಪ್ಪನವರೂ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತ, ‘ಮಾಲತಿ ತೂಕದ ಹೆಣ್ಣುಮಗಳು’ ಎಂದು ತಮ್ಮ ಪಾಲಿನದನ್ನು ಸೇರಿಸಿದರು.

ಶುಕ್ರವಾರ ನಿರ್ಮಲ ರವಿಕೆ ಕಣವೊಂದನ್ನು ಹಿಡಿದುಕೊಂಡು ಹುಸೇನಬಿಯ ಮನೆಗೆ ಹೋದಳು. ಹುಸೇನಬಿ ಗಂಡನಿಲ್ಲದವಳು, ಮಷಿನ್ನಿನ ಮೇಲೆಯೇ ಅವಳ ಜೀವನ. ಅಂಗಡಿಯಲ್ಲಿ ಸೀರೆ ಕೊಂಡವರನ್ನೆಲ್ಲ ಬಸವರಾಜಪ್ಪ ಅವಳ ಹತ್ತಿರವೇ ರವಿಕೆ ಹೊಲಿಯಲು ಕಳಿಸುತ್ತಿದ್ದರು. ಅವಳ ಮನೆಮಾತಿಗೂ ಟಿ.ವಿ.ಯ ಹಿಂದಿಗೂ ಅಷ್ಟೇನೂ ದೂರವಿಲ್ಲ.

ನಿರ್ಮಲ ಬಾಗಿಲು ಮುಂದೆ ಮಾಡಿ ಕೇಳಿದಳು: ‘ಹುಸೇನಬಿ, ನಿಮಗೆ ಗೊತ್ತಿತ್ತಲ್ಲ?’

‘ಏನು, ಮಾಲತಿ ಊರು ಬಿಟ್ಟಿದ್ದಾ?’ ಹುಸೇನಬಿ ಮಷಿನ್ನಿನ ಗಾಲಿ ಕೈಯಲ್ಲಿ ಹಿಡಿದು ನಿಲ್ಲಿಸಿದಳು. ‘ಅವತ್ತಿಂದ್ಲೇ ಗೊತ್ತು. ಸೀರೆ ಬಣ್ಣ ಮೊದ್ಲಿಂದ್ಲೂ ಗೊತ್ತು.’

‘ಮತ್ಯಾಕೆ ಸುಮ್ನಿದ್ರಿ?’

‘ನೀವ್ಯಾಕೆ ಹಂಗೆ ಹೇಳಿದ್ರಿ? ನಿಮ್ಮಂಗೇ ಹೆದರಿ ನಾನೂ ಸುಮ್ನಿದ್ದೆ.’ ಆಮೇಲೆ ಅವಳಿಗೆ ನಗು ಬಂತು. ‘ಸುಳ್ಳು ಯಾಕೆ ಹೇಳ್ಲಿ, ನಂಗೆ ಅದೂ ಚೆಂದಾನೇ ಅನ್ಸಿತ್ತು. ಎಲ್ಲರಿಗೂ ಒಬ್ಬಳೇ ಮಾಲತಿ, ನಂಗೆ ಇಬ್ರು. ಅಲ್ಲಿ ಒಬ್ಬಳು ಹೋಗ್ತಿದ್ಳು, ಇಲ್ಲಿ ಒಬ್ಬಳು ಕುಂತಿದ್ಳು.’

‘ನಾಡಿದ್ದು ಎಲ್ಲಾ ನಿಜ ಹೇಳಿಬಿಡ್ತೀನಿ. ಯಾರಾದ್ರೂ ಕೇಳಿದ್ರೆ ಹೌದು ಅನ್ರಿ, ಸಾಕು.’

ಹುಸೇನಬಿಯ ನಗು ನಿಂತಿತು. ಗೋಡೆಗೆ ನೇತುಹಾಕಿದ ರವಿಕೆಗಳನ್ನು ಒಂದು ಸಲ ನೋಡಿದಳು. ಒಂದೊಂದೂ ಬಸವರಾಜಪ್ಪನವರ ಅಂಗಡಿಯಿಂದ ಬಂದದ್ದು.

‘ನೋಡಾಣಮ್ಮ,’ ಎಂದಳು.

ನಿರ್ಮಲ ಅದನ್ನೇ ಒಪ್ಪಿಗೆ ಎಂದುಕೊಂಡು ಮನೆಗೆ ಬಂದಳು. ಒಪ್ಪಿಗೆ ಬೇಕೇಬೇಕೆನ್ನುವವರಿಗೆ ಅಷ್ಟೇ ಸಾಕಾಗುತ್ತದೆ.

ಭಾನುವಾರ ಎಂದಿಗಿಂತ ಹೆಚ್ಚು ಜನ. ನಿರ್ಮಲಳಿಗೆ ನೌಕರಿ ಬಂದ ಸುದ್ದಿ ಕೇಳಿ ಹಿಂದಿನ ಬೀದಿಯವರೂ ಬಂದಿದ್ದರು. ಕಲ್ಲೇಶ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ, ‘ಬಂತಾ?’ ಎಂದು ಕೂಗಿದ. ‘ಬಂತು, ಅಲ್ಲೇ ಬಿಡು!’ ಎಂದು ಇಪ್ಪತ್ತು ಗಂಟಲು ಕೂಗಿದವು. ನಿರ್ಮಲ ಸ್ಟೂಲಿನ ಮೇಲೆ ಕೂತಳು. ಸೆರಗಿನ ತುದಿಯಲ್ಲಿ ಆ ಕಾಗದ ಮಡಿಚಿ ಗಂಟು ಹಾಕಿಕೊಂಡಿದ್ದಳು.

ಅವತ್ತು ಮಾಲತಿ ಎಂಟು ತಿಂಗಳ ಮೇಲೆ ಗಂಡನ ಮನೆಗೆ ಬಂದಿದ್ದಳು. ಕೈಯಲ್ಲಿ ಚೀಲ, ಮುಖದಲ್ಲಿ ದಣಿವು. ಬಾಗಿಲು ತೆರೆದ ಅತ್ತೆ ಅವಳ ಚೀಲ ಇಸಿದುಕೊಂಡು ಕೆಳಗಿಟ್ಟಳು. ಆಮೇಲೆ ಮಾಲತಿಯ ತಲೆ ನೇವರಿಸಿ ಏನೋ ಹೇಳಿದಳು.

‘ಏನಂದ್ಳು? ಏನಂದ್ಳು?’ ಎಂದರು ಎಲ್ಲರೂ.

‘ನೀನು ಹೋಗಿದ್ದೇ ಒಳ್ಳೇದಾಯ್ತು, ನಾನೇ ತಡೀಬಾರದಿತ್ತು, ಅಂದ್ಳು,’ ಎಂದಳು ನಿರ್ಮಲ.

‘ಎಲ್ಲಿಗೆ ಹೋಗಿದ್ದು?’ ಎಂದು ಕೆಂಪಕ್ಕ ಕೇಳಿದಳು.

‘ಕೆಲಸಕ್ಕೆ, ಕೆಂಪಕ್ಕ. ಮಾಲತಿ ಆ ಕಾಗದ ವಾಪಸ್ ಕಳಿಸಲೇ ಇಲ್ಲ. ಅವತ್ತೇ ಪೆಟ್ಟಿಗೆ ತಗೊಂಡು ಹೋದ್ಳು. ಎಂಟು ತಿಂಗಳಿಂದ ಬೇರೆ ಊರಲ್ಲಿ ಒಬ್ಬಳೇ ಇದ್ದು ಕೆಲಸ ಮಾಡ್ತಿದಾಳೆ. ಫ್ಯಾಕ್ಟರಿ ಇಲ್ಲ, ಬುತ್ತಿ ಇಲ್ಲ, ಒಪ್ಪತ್ತೂ ಇಲ್ಲ. ನಾನೇ ಸುಳ್ಳು ಹೇಳ್ದೆ. ತಪ್ಪಾಯ್ತು, ಎಲ್ಲರೂ ಕ್ಷಮಿಸಬೇಕು.’

ಪರದೆಯಲ್ಲಿ ಅತ್ತೆ ಸೊಸೆ ಅಳುತ್ತಿದ್ದರು. ಪಡಸಾಲೆಯಲ್ಲಿ ಒಂದು ಕೂಸು ಕೆಮ್ಮಿದ್ದು ಕೇಳಿಸಿತು. ಮೂಲೆಯಲ್ಲಿ ಕರಿಬಸಮ್ಮ ಮೊಣಕಾಲೂರಿ ಅರ್ಧ ಎದ್ದು, ‘ನಿಜಾನಾ ಅಕ್ಕ?’ ಎಂದಳು. ಆ ಹುಡುಗಿಯ ಮುಖ ಹಾಗೆ ಬೆಳಗಿದ್ದನ್ನು ನಿರ್ಮಲ ಹಿಂದೆಂದೂ ನೋಡಿರಲಿಲ್ಲ.

‘ಕುಂದರೇ!’ ಎಂದು ಕೆಂಪಕ್ಕ ಸೊಸೆಯ ಸೆರಗು ಹಿಡಿದು ಜಗ್ಗಿದಳು. ನಿರ್ಮಲಳ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. ‘ಛೀ, ನಿನ್ನ ನೌಕರಿ ಆಸೆಗೆ ಅಂಥಾ ಹೆಣ್ಣುಮಗಳ ಹೆಸರು ಕೆಡಿಸ್ತೀಯಲ್ಲೇ. ಒಂದೂವರೆ ವರ್ಷದಿಂದ ನೋಡ್ತಿದೀವಿ, ಮಾಲತಿ ಎಂಥೋಳು ಅಂತ ನಮಗೆ ಗೊತ್ತಿಲ್ವಾ?’

‘ಕೆಂಪಕ್ಕ, ಅದನ್ನ ಹೇಳ್ದೋಳೇ ನಾನು!’

‘ಹೇಳ್ದೋಳು ನೀನು. ನೋಡ್ದೋರು ನಾವು.’

ಹೌದು, ಹೌದು ಎಂದು ಹಿಂದಿನಿಂದ ದನಿಗಳು ಬಂದವು. ನಿರ್ಮಲ ಸ್ಟೂಲಿನಿಂದ ಎದ್ದು ನಿಂತಳು. ‘ನಾನು ಸುಳ್ಳಾದ್ರೆ ಹುಸೇನಬೀನ ಕೇಳ್ರಿ. ಅವ್ರಿಗೂ ಹಿಂದಿ ತಿಳೀತೈತೆ.’

ಎಲ್ಲ ತಲೆಗಳೂ ಕಂಬದ ಕಡೆ ತಿರುಗಿದವು. ಬಸವರಾಜಪ್ಪನವರು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಅವರೂ ಹುಸೇನಬಿಯನ್ನೇ ನೋಡುತ್ತಿದ್ದರು. ಹುಸೇನಬಿ ಕಾಜಾ ಹಾಕುವುದನ್ನು ಬಿಟ್ಟು, ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಸೂಜಿಯನ್ನು ರವಿಕೆಗೆ ಚುಚ್ಚಿಟ್ಟಳು. ಇಷ್ಟು ಮಾಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

‘ನಮ್ದು ಮನೆ ಮಾತು, ಅವ್ರದ್ದು ಓದ್ದೋರ ಹಿಂದಿ,’ ಎಂದಳು ತಲೆ ತಗ್ಗಿಸಿಕೊಂಡೇ. ‘ನಂಗೆ ಅಷ್ಟು ತಿಳಿಯಾಕಿಲ್ಲ.’

ನಿರ್ಮಲಳಿಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಅದೇ ಕಂಬದಡಿ, ಅದೇ ಹೆದರಿಕೆಯಲ್ಲಿ ಕೂತಿದ್ದರೆ ತಾನೂ ಅಷ್ಟೇ ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ತಾನು ಎಂಟು ತಿಂಗಳಿಂದ ಹೇಳಿದ್ದೂ ಅದೇ ಬಗೆಯ ಮಾತು.

ಕಸ್ತೂರಮ್ಮ ಎದ್ದು ಬಂದಳು. ಬೈದಿದ್ದರೆ ನಿರ್ಮಲ ಬದುಕಿಕೊಳ್ಳುತ್ತಿದ್ದಳು. ಆಕೆ ಸೆರಗಿನಿಂದ ಸೊಸೆಯ ಮುಖ ಒರೆಸಿ, ಭುಜ ಹಿಡಿದು ಮೆಲ್ಲಗೆ ಸ್ಟೂಲಿನ ಮೇಲೆ ಕೂರಿಸಿದಳು. ‘ಮೂರು ದಿನದಿಂದ ನಿದ್ದಿಲ್ಲ ಅದಕ್ಕೆ. ಕಾಗದ ಬಂದಾಗಿಂದ ಮನಸ್ಸು ಚೆನ್ನಾಗಿಲ್ಲ. ಯಾರೂ ಏನೂ ಅನ್ಬ್ಯಾಡ್ರಿ. ನಮ್ಮ ಹುಡುಗಿ ಸುಳ್ಳು ಹೇಳೋಳಲ್ಲ,’ ಎಂದು ಬೀದಿಯವರಿಗೆ ಹೇಳಿದಳು. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಗ್ಗಿ, ‘ಬುಧವಾರ ಕಳೆದ್ರೆ ಎಲ್ಲಾ ಸರಿ ಹೋಗ್ತೈತವ್ವ,’ ಎಂದಳು.

ಪರದೆಯಲ್ಲಿ ಅಷ್ಟು ಹೊತ್ತಿಗೆ ಸ್ಟೇಷನ್ನು ಬಂದಿತ್ತು. ಮಾಲತಿ ರೈಲಿನ ಬಾಗಿಲಲ್ಲಿ ನಿಂತಿದ್ದಾಳೆ, ಅತ್ತೆಯೇ ಬುತ್ತಿ ಕಟ್ಟಿ ಕೊಡುತ್ತಿದ್ದಾಳೆ. ರೈಲು ಹೊರಟಿತು. ಮಾಲತಿ ಕೈಬೀಸಿದಳು, ಅತ್ತೆಯೂ ಬೀಸಿದಳು. ಇದಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಆದರೂ ನಲವತ್ತು ಹೆಂಗಸರು ಪರದೆಯನ್ನು ಬಿಟ್ಟು ನಿರ್ಮಲಳ ಬಾಯಿಯನ್ನೇ ನೋಡುತ್ತಿದ್ದರು.

ಮೂಲೆಯಿಂದ ಕರಿಬಸಮ್ಮ ಕೇಳಿದಳು. ಅವಳ ಸೆರಗು ಇನ್ನೂ ಕೆಂಪಕ್ಕನ ಮುಷ್ಟಿಯಲ್ಲೇ ಇತ್ತು. ‘ಅಕ್ಕ, ಎಲ್ಲಿಗೆ ಹೊಂಟಾಳೆ?’

ನಿರ್ಮಲ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಕಾಗದ ಮುದುಡಿತು. ಅವಳು ಆ ಹುಡುಗಿಯ ಕಡೆ ನೋಡಲಿಲ್ಲ.

‘ಎಲ್ಲಿಗೂ ಇಲ್ಲ,’ ಎಂದಳು. ‘ಇಲ್ಲೇ, ದೇವಸ್ಥಾನಕ್ಕೆ. ಸಂಜೀಕೆ ಬಂದುಬಿಡ್ತಾಳೆ.’

ಅಬ್ಬಾ ಎಂದು ಪಡಸಾಲೆಯೆಲ್ಲ ಉಸಿರು ಬಿಟ್ಟಿತು. ಯಾರೋ ಸೀರೆಯ ಬಣ್ಣ ಕೇಳಿದರು. ಕರಿಬಸಮ್ಮ ಮೆಲ್ಲಗೆ ಮತ್ತೆ ಗೋಡೆಗೊರಗಿ ಕೂತಳು.